ಕಲ್ಲುಮಿಣುಕೆ ಮತ್ತು ಹಾದಿಮಿಣುಕೆ

ನಮ್ಮೂರಿನಲ್ಲಿ ಬಸ್ಸು ಹತ್ತಿದವರನ್ನು ಕಂಡಕ್ಟರು ಎಲ್ಲಿಗೆ ಎಂದು ಕೇಳುವುದಿಲ್ಲ, ಯಾವ ಹೂವು ಎಂದು ಕೇಳುತ್ತಾನೆ. ತುಂಬೆ ಎಂದರೆ ಎರಡನೆಯ ಊರಿನವರೆಗೆ ಟಿಕೆಟ್ ಹರಿಯುತ್ತಾನೆ, ಲಂಟಾನ ಎಂದರೆ ಕೊನೆಯ ನಿಲ್ದಾಣದವರೆಗೆ. ಯಾರ ಗಿಡ ಎಲ್ಲಿಯವರೆಗೆ ಬೆಳೆಯುತ್ತದೋ ಅಲ್ಲಿಯವರೆಗೆ ಅವರ ಕಾಲು. ಅದನ್ನು ಮೀರಿದರೆ ನೋವೇನೂ ಆಗುವುದಿಲ್ಲ. ಮಾತಾಡುತ್ತಾ ಕೂತವರು ಇದ್ದಕ್ಕಿದ್ದಂತೆ ಎದ್ದು, ಬಸ್ಸು ನಿಲ್ಲಿಸಿ ಇಳಿದು, ಮನೆಯ ಕಡೆ ಮುಖ ಮಾಡಿ ನಡೆಯತೊಡಗಿರುತ್ತಾರೆ. ಕಾಲು ತಿರುಗಿತು ಅನ್ನುತ್ತೇವೆ. ಮದುವೆಗೆ ಹೊರಟವರ ಕಾಲು ದಾರಿಯಲ್ಲಿ ತಿರುಗಿದರೆ ಬೀಗರು ಬೇಸರ ಮಾಡಿಕೊಳ್ಳುವುದಿಲ್ಲ, ಊಟ ಕಟ್ಟಿ ಕಳಿಸುತ್ತಾರೆ.

ಮಗು ಹುಟ್ಟಿದ ಒಂಬತ್ತನೆಯ ದಿನ ಹೊಸ್ತಿಲ ಬಳಿ ಒಂದು ಸಸಿ ಏಳುತ್ತದೆ. ಹೂವಿನ ಕಚೇರಿಯವರು ಬಂದು ಅದು ಯಾವುದೆಂದು ನೋಡಿ ದಫ್ತರದಲ್ಲಿ ಬರೆದುಕೊಳ್ಳುತ್ತಾರೆ. ಗಿಡ ಕುಂಡಕ್ಕೆ ಹೋಗುತ್ತದೆ, ಆ ಮನುಷ್ಯ ಇರುವಷ್ಟು ಕಾಲ ಇರುತ್ತದೆ. ನಾನು ಆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪರಿಶೀಲಕ. ಹೆಸರು ರಾಚಪ್ಪ. ಹೂವನ್ನು ಭೂತಗನ್ನಡಿಯ ಕೆಳಗೆ ಬಿಡಿಸಿ ನೋಡಿ ಇದು ಇಂಥದ್ದು ಎಂದು ನಾನು ಹೇಳಿದರೆ ಮುಗಿಯಿತು, ಮತ್ತೆ ಯಾರೂ ಕೇಳುವುದಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಯಾಕೆ ಮುಚ್ಚಿಡಲಿ.

ನಾನೂ ನನ್ನ ಅಕ್ಕ ನಿಂಗಾಜಮ್ಮನೂ ಅವಳಿ. ಅವಳು ಕಾಲು ಗಂಟೆ ದೊಡ್ಡವಳು, ಆ ಕಾಲು ಗಂಟೆಯನ್ನು ಐವತ್ತೊಂದು ವರ್ಷದಿಂದ ನನ್ನ ತಲೆಯ ಮೇಲೆ ಕುಟ್ಟುತ್ತಾ ಬಂದಿದ್ದಾಳೆ. ಇಬ್ಬರೂ ಮದುವೆಯಾಗಲಿಲ್ಲ, ಹಾಸುಬಂಡೆಯ ಅಂಚಿನ ಮನೆಯಲ್ಲಿ ಒಟ್ಟಿಗಿದ್ದೇವೆ. ದಫ್ತರದ ಪ್ರಕಾರ ಅವಳದು ಕಲ್ಲುಮಿಣುಕೆ, ನನ್ನದು ಹಾದಿಮಿಣುಕೆ. ಎರಡೂ ತುಳಸಿಯ ಕುಟುಂಬ, ಎರಡೂ ಮಿಣುಕೆ ಕುಲ. ಚೌಕ ದಂಟು, ಎದುರುಬದುರು ಎಲೆ, ಮೇಲೊಂದು ಕೆಳಗೊಂದು ತುಟಿಯಿರುವ ನಸುನೇರಳೆ ಹೂವು. ಅಕ್ಕಪಕ್ಕ ಇಟ್ಟರೆ ಗಿಡಗಳಿಗೇ ತಾವು ಯಾರೆಂದು ಗೊತ್ತಾಗದು. ಆದರೆ ಹಾದಿಮಿಣುಕೆ ಏಳೂರು ದಾಟಿ ಸಮುದ್ರದ ಮರಳಿನವರೆಗೂ ದಾರಿಯುದ್ದಕ್ಕೂ ಬೆಳೆಯುತ್ತದೆ, ಕಲ್ಲುಮಿಣುಕೆ ನಮ್ಮ ಹಾಸುಬಂಡೆಯ ಬಿರುಕುಗಳಲ್ಲಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ದಫ್ತರದ ಕೊನೆಯ ಕಾಲಮಿನಲ್ಲಿ ನನ್ನ ಹೆಸರಿನ ಮುಂದೆ ‘ಚಿಂತೆಯಿಲ್ಲ’ ಎಂದೂ ಅಕ್ಕನ ಹೆಸರಿನ ಮುಂದೆ ‘ಅಳಿವಿನಂಚು’ ಎಂದೂ ಇದೆ.

ಅಳಿವಿನಂಚಿನವರನ್ನು ಊರು ಜೋಪಾನ ಮಾಡುತ್ತದೆ. ಅವರಿಗೆ ಬಾವಿಯಿಂದ ನೀರು ಸೇದಲು ಬಿಡುವುದಿಲ್ಲ. ವರ್ಷಕ್ಕೊಮ್ಮೆ ಎಣಿಕೆಯ ದಿನ ಕರೆದು ಶಾಲು ಹೊದೆಸುತ್ತಾರೆ. ಅಕ್ಕನ ಬಳಿ ಮೂವತ್ತಕ್ಕೂ ಹೆಚ್ಚು ಶಾಲುಗಳಿವೆ. ಅವಳು ರವಿಕೆ ಹೊಲಿಯುವವಳು, ಸುಮ್ಮನಿರುತ್ತಾಳೆಯೇ? ಶಾಲುಗಳನ್ನು ಕತ್ತರಿಸಿ ಕಿಟಕಿಗೆ ಪರದೆ ಮಾಡಿದಳು, ದಿಂಬಿಗೆ ಚೀಲ ಮಾಡಿದಳು, ಮಿಕ್ಕಿದ್ದರಲ್ಲಿ ನನಗೆ ಕೋಟಿನ ಒಳಪದರ ಹೊಲಿದಳು. ‘ಹೋಗೋನು ನೀನು, ಚಳಿ ಆಯ್ತದೆ’ ಅಂದಳು.

ನಾನು ಹೋಗುವವನು, ಅದು ನಿಜ. ಗಿಡಗಳ ಹರವು ನೋಡಿ ವರದಿ ಬರೆಯಲು ಕಚೇರಿ ನನ್ನನ್ನು ವರ್ಷಕ್ಕೆರಡು ಸಲ ಏಳೂರು ಸುತ್ತಿಸುತ್ತಿತ್ತು. ತಿರುಗಿ ಬಂದಾಗಲೆಲ್ಲ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಸಮುದ್ರದ ಬಗ್ಗೆ ಕೇಳುತ್ತಿದ್ದಳು. ಎಷ್ಟು ದೊಡ್ಡದು, ವಾಸನೆ ಬರುತ್ತದೆಯೇ, ಆಚೆ ದಡ ಕಾಣುತ್ತದೆಯೇ. ನಾನು ಹೇಳುತ್ತಿದ್ದೆ: ನೀಲಿ, ಶಾಂತ, ಇಳಿಯಲು ಕೆರೆಗಿರುವಂತೆ ಕಲ್ಲಿನ ಮೆಟ್ಟಿಲು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಸಮುದ್ರ ನೋಡಿಲ್ಲ. ಆರನೆಯ ಊರಿನ ತಂಗುಮನೆಯಲ್ಲಿ ಒಳ್ಳೆಯ ಊಟ ಸಿಗುತ್ತಿತ್ತು, ಮಂಚ ಮೆತ್ತಗಿತ್ತು. ಮುಂದಿನದನ್ನು ಹಿಂದಿನವರ ವರದಿ ನೋಡಿ ಬರೆದುಬಿಡುತ್ತಿದ್ದೆ. ಮೊದಲ ಸಲ ಸೋಮಾರಿತನಕ್ಕೆ ಹೇಳಿದ ಸುಳ್ಳು, ಆಮೇಲೆ ಅವಳು ಅಷ್ಟು ಆಸೆಯಿಂದ ಕೇಳುತ್ತಿದ್ದುದರಿಂದ ಬಿಡಲಾಗಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಅಕ್ಕ ಕೆಂಪು ರವಿಕೆಗೆ ಹಸಿರು ದಾರ ಹಾಕಿದಳು. ಆಮೇಲೆ ಸೂಜಿಗೆ ದಾರ ಪೋಣಿಸಲಾರದಾದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿನ ಡಾಕ್ಟರು ಇರುವುದು ಏಳು ಮೈಲಿ ಕೆಳಗೆ, ಕೆರೆಯ ಊರಿನಲ್ಲಿ. ಅವರದು ನೈದಿಲೆ, ಕೆರೆಯ ಏರಿ ಬಿಟ್ಟು ಬರಲಾರರು. ಅಕ್ಕನದು ಬಂಡೆ, ಅದು ಮುಗಿಯುವಲ್ಲಿರುವ ಕಡೇ ಕಲ್ಲು ದಾಟಿ ಹೋಗಲಾರಳು. ಡಾಕ್ಟರು ಯಾರ ಕೈಯಲ್ಲೋ ಹೇಳಿ ಕಳಿಸಿದರು: ಮುಂದಿನ ಬೇಸಿಗೆಯೊಳಗೆ ಪೊರೆ ತೆಗೆಯದಿದ್ದರೆ ಕಣ್ಣು ಪೂರ್ತಿ ಹೋಗುತ್ತದೆ.

ಇಂಥ ಹೊತ್ತಿಗೆ ನಮ್ಮೂರಿನವರು ದಾರಿ ಬಿತ್ತುತ್ತಾರೆ. ಹೋಗಬೇಕಾದವರ ಗಿಡದ ಬೀಜವನ್ನು ಹೋಗಬೇಕಾದ ದಾರಿಯುದ್ದಕ್ಕೂ ಹಾಕುವುದು, ಅದು ಬೇರು ಬಿಟ್ಟಷ್ಟು ದೂರ ಅವರ ಕಾಲು ಹೋಗುತ್ತದೆ. ಮೂರನೆಯ ಊರಿಗೆ ಮದುವೆಯಾಗಿ ಹೋಗಬೇಕಿದ್ದ ಮಗಳಿಗೆಂದು ಒಬ್ಬ ತಂದೆ ಐದು ವರ್ಷ ಅವಳ ನಾಗದಾಳಿ ಗಿಡ ಬಿತ್ತಿದ್ದನ್ನು ನಾನೇ ನೋಡಿದ್ದೇನೆ. ಅಕ್ಕನಿಗೆ ನಾನು ಏಳು ಮೈಲಿ ಬಿತ್ತುತ್ತೇನೆ ಎಂದೆ. ಆದರೆ ಅಳಿವಿನಂಚಿನ ಗಿಡದ ಒಂದು ಬೀಜ ಕದಲಿಸಬೇಕಾದರೂ ಕಚೇರಿಯ ಅಪ್ಪಣೆ ಬೇಕು. ಅಪ್ಪಣೆಗೆ ಹೋಲಿಕೆ ಪಟ್ಟಿ ಬೇಕು. ಆ ಗಿಡವನ್ನು ಅದರ ಹತ್ತಿರದ ಸಂಬಂಧಿಯ ಜೊತೆ ಇಟ್ಟು, ಕುಲ, ಹರವು, ಸ್ಥಿತಿ ಮೂರನ್ನೂ ಸಾಲಾಗಿ ಬರೆದು, ಇದು ಅದಲ್ಲ ಎಂದು ರುಜು ಹಾಕಬೇಕು.

‘ನಿಮ್ಮ ಮನೇ ಗಿಡಕ್ಕೆ ನೀವೇ ಭೂತಗನ್ನಡಿ ಹಿಡಿಯೋ ಹಾಗಿಲ್ಲ ರಾಚಪ್ಪ, ನಿಯಮ’ ಎಂದರು ನಮ್ಮ ಮೇಲಧಿಕಾರಿ ಮುಕ್ತಾಂಬ ಮೇಡಂ. ಬೇರೆ ಯಾರಿಗೂ ಆ ಕೆಲಸ ಬರುವುದಿಲ್ಲ ಎಂದು ಅವರಿಗೂ ಗೊತ್ತು. ಕಿಟಕಿಯ ಕಡೆ ಮುಖ ತಿರುಗಿಸಿ, ‘ನಾನು ನೋಡ್ಲಿಲ್ಲ, ಹೋಗಿ’ ಎಂದರು.

ಕಾರ್ತಿಕದ ಒಂದು ಬೆಳಿಗ್ಗೆ ಎರಡೂ ಕುಂಡಗಳನ್ನು ಅಂಗಳಕ್ಕೆ ತಂದೆ. ಹೊಸ್ತಿಲ ಎಡಗಡೆಯದು ಅಕ್ಕನದು, ಬಲಗಡೆಯದು ನನ್ನದು, ಹುಟ್ಟಿದಾಗಿನಿಂದ ಅವು ಅಲ್ಲೇ ಇವೆ. ಮಿಣುಕೆಗಳನ್ನು ಬೇರೆ ಮಾಡುವ ಗುರುತು ಒಂದೇ, ಅದೂ ಹೂವು ಬಿಟ್ಟ ಮೇಲೆ. ಹೂವು ಕೂತಿರುವ ಹಸಿರು ಬಟ್ಟಲಿನ ಒಳಗೆ ಹಾದಿಮಿಣುಕೆಗೆ ಸಣ್ಣ ಕೂದಲಿನ ಬಳೆಯಿರುತ್ತದೆ, ಕಲ್ಲುಮಿಣುಕೆಯ ಬಟ್ಟಲು ಬೋಳು. ಅಕ್ಕನ ಗಿಡದ ಹೂವು ಬಿಡಿಸಿದೆ. ಬಳೆಯಿತ್ತು. ಕೈ ತಪ್ಪಿ ನನ್ನದನ್ನು ಕಿತ್ತೆನೇನೋ ಅಂದುಕೊಂಡು ಇನ್ನೊಂದು ಬಿಡಿಸಿದೆ. ಬಳೆ. ನನ್ನ ಗಿಡದ್ದು ಬಿಡಿಸಿದೆ. ಬೋಳು. ಒಂಬತ್ತು ಹೂವು ಅದರದು, ಒಂಬತ್ತು ಇದರದು. ಆಮೇಲೆ ಭೂತಗನ್ನಡಿಯನ್ನೇ ಅಂಗಿಗೆ ಒರೆಸಿ ಒರೆಸಿ ನೋಡಿದೆ.

ತಲೆ ಕೆಟ್ಟುಹೋಯಿತು. ನನ್ನದು ಬಂಡೆಯ ಗಿಡವಾದರೆ ಇಪ್ಪತ್ತೆಂಟು ವರ್ಷ ನಾನು ಆರು ಊರು ಸುತ್ತಿದ್ದು ಯಾವ ಕಾಲಿನಲ್ಲಿ? ಅಕ್ಕನದು ಹಾದಿಯ ಗಿಡವಾದರೆ ಕಡೇ ಕಲ್ಲಿನ ಬಳಿ ಅವಳ ಕಾಲು ತಿರುಗುತ್ತಿದ್ದುದೇಕೆ? ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಳು ವರ್ಷದವರಿದ್ದಾಗ ಇಬ್ಬರೂ ಕೈ ಹಿಡಿದು ಓಡಿದ್ದೆವು. ಕಲ್ಲು ದಾಟಿದ ಮೇಲೆ ನೋಡಿದರೆ ನನ್ನ ಕೈ ಖಾಲಿ, ಅವಳು ಮನೆಯ ಕಡೆ ನಡೆಯುತ್ತಾ ಅಳುತ್ತಿದ್ದಳು.

ಸೋದರತ್ತೆ ಹೊಂಬಾಳಮ್ಮನ ಮನೆಗೆ ಓಡಿದೆ. ಎಂಬತ್ತನಾಲ್ಕು ವರ್ಷ ಅವಳಿಗೆ, ನಾವು ಹುಟ್ಟಿದಾಗ ಇದ್ದವರಲ್ಲಿ ಉಳಿದಿರುವವಳು ಅವಳೊಬ್ಬಳೇ. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

‘ಸಸಿ ಎರಡೂ ಒಂದೇ ಥರ ಇದ್ವು ಕಣಪ್ಪ. ಮೊದಲು ಹುಟ್ಟಿದೋಳ್ದು ಮೊದಲು ಎದ್ದಿತು, ಹೊಸ್ತಿಲ ಎಡಗಡೆ. ನಿಂದು ಆಮೇಲೆ, ಬಲಗಡೆ. ಕಚೇರಿಯೋನು ಬಂದ, ಬಗ್ಗಿ ನೋಡ್ದ, ಎದ್ದು ನೋಡ್ದ. ಒಂದು ಕಲ್ಲುದು, ಒಂದು ಹಾದೀದು ಇರಬೋದು, ಯಾವುದು ಯಾವುದೋ ಹೂ ಬಿಡಗಂಟ ಹೇಳಕ್ಕಾಗಲ್ಲ ಅಂದ.’

‘ಮತ್ತೆ ಬರೆದದ್ದು ಹೇಗೆ ಅತ್ತೆ?’

‘ನಿಮ್ಮವ್ವ ಹೇಳಿದ್ಲು. ಗಂಡು ತಿರುಗಾಡಬೇಕು, ಹಾದೀದು ಅವನಿಗಿರಲಿ. ಹೆಣ್ಣು ಬಂಡೆ ಮೇಲಿರಲಿ, ನನ್ನ ಜೊತೆಗಿರ್ತಾಳೆ ಅಂದ್ಲು. ಅವನು ಬರಕೊಂಡ. ಹೂ ಬಿಟ್ಟ ಮೇಲೆ ಬತ್ತೀನಿ ಅಂದಿದ್ದ, ಬರಲಿಲ್ಲ. ಯಾಕೆ, ಈಗೇನಾಯ್ತು?’

ನಾನು ಏನೂ ಆಗಿಲ್ಲ ಎಂದೆ. ನಮ್ಮ ಹರವುಗಳನ್ನು ಯಾರೂ ನೋಡಿ ಬರೆದಿರಲಿಲ್ಲ, ಕೇಳಿ ಬರೆದಿದ್ದರು. ಅವ್ವ ಅಕ್ಕನ ಜೊತೆ ಇದ್ದದ್ದು ಒಂಬತ್ತೇ ವರ್ಷ. ಅವ್ವ ತೀರಿಕೊಂಡ ಮೇಲಿನ ನಲವತ್ತೆರಡು ವರ್ಷ ಅಕ್ಕ ಯಾರಿಗೋಸ್ಕರ ಬಂಡೆಯ ಮೇಲಿದ್ದಳು?

ನಾಲ್ಕು ದಿನ ನಾನು ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅವಳು ಏನನ್ನುತ್ತಾಳೋ ಎಂಬ ಭಯ ಒಂದು ಕಡೆ, ನನ್ನ ಕೆಲಸದ ಗತಿಯೇನು ಎಂಬ ಚಿಂತೆ ಇನ್ನೊಂದು ಕಡೆ. ಚಿಂತೆಯ ಪಾಲು ದೊಡ್ಡದಿತ್ತು, ನಾಚಿಕೆಯಾಗುತ್ತದೆ ಹೇಳಲು. ಅವಳು ಪಟ್ಟಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು, ನಾನು ಮೇಡಂಗೆ ಜ್ವರ ಎನ್ನುತ್ತಿದ್ದೆ. ಅವಳು ತಟ್ಟೆಯ ಅಂಚನ್ನು ಬೆರಳಲ್ಲಿ ತಡಕಿ ಅನ್ನ ಕಲೆಸುವುದನ್ನು ನೋಡಿಕೊಂಡೇ ಎನ್ನುತ್ತಿದ್ದೆ.

ಐದನೆಯ ಬೆಳಿಗ್ಗೆ ನಾನೇ ಕಡೇ ಕಲ್ಲಿನವರೆಗೆ ಹೋದೆ. ಏನೂ ಬದಲಾಗಿಲ್ಲ ಎಂದು ನೋಡಿಕೊಂಡು ಬರೋಣವೆಂದು ಹೋದದ್ದು. ಕಲ್ಲು ದಾಟಿದೆ, ಹತ್ತು ಹೆಜ್ಜೆ ಇಟ್ಟೆ, ಸದ್ಯ ಅಂದುಕೊಂಡೆ. ಮುಂದೆ ನಮ್ಮ ಮನೆಯ ಹೆಂಚು ಕಾಣಿಸುತ್ತಿತ್ತು. ಮತ್ತೆ ತಿರುಗಿ ನಡೆದೆ, ಮತ್ತೆ ಹೆಂಚು. ಮೂರನೆಯ ಸಲ ಹಿಂದುಹಿಂದಾಗಿ ನಡೆಯಲು ನೋಡಿದೆ, ಎದುರಿಗೆ ಬರುತ್ತಿದ್ದ ಹಾಲಿನವಳು ‘ಇದೇನು ಸ್ವಾಮಿ?’ ಎಂದು ನಿಂತಳು. ಜೀವಮಾನದಲ್ಲಿ ಮೊದಲ ಸಲ ನನ್ನ ಕಾಲು ತಿರುಗಿತ್ತು. ಹೋದ ತಿಂಗಳು ಇದೇ ಕಾಲು ಇದೇ ಕಲ್ಲನ್ನು ಗಮನಿಸದೆ ದಾಟಿ ಹೋಗಿತ್ತು. ಈ ನಡುವೆ ಬದಲಾದದ್ದೆಂದರೆ ನನಗೆ ವಿಷಯ ಗೊತ್ತಾದದ್ದು ಒಂದೇ. ಹಾಗಾದರೆ ಅಕ್ಕನೂ, ಗೊತ್ತಾದರೆ? ನಾನು ಸುಮ್ಮನಿದ್ದಷ್ಟು ದಿನ ಬಂಡೆಯ ಮೇಲೆ ಇಬ್ಬರು ಸಿಕ್ಕಿಬಿದ್ದಿದ್ದೆವು, ಅವರಲ್ಲಿ ಒಬ್ಬಳು ಸುಮ್ಮಸುಮ್ಮನೆ.

ಮನೆಗೆ ಹೋದವನೇ ಹೇಳಿಬಿಟ್ಟೆ. ಹೂವಿನ ಬಟ್ಟಲು, ಬಳೆ, ಅತ್ತೆಯ ಮಾತು, ನಾಲ್ಕು ದಿನ ಮುಚ್ಚಿಟ್ಟದ್ದು ಎಲ್ಲ. ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

‘ಅವ್ವಂಗೆ ಗೊತ್ತಿತ್ತಾ?’

‘ಇಲ್ಲಕ್ಕ. ಯಾವುದು ಯಾವುದೋ ಅವಳಿಗೂ ಗೊತ್ತಿರಲಿಲ್ಲ. ಸುಮ್ಮನೆ ಹಂಚಿದಳು.’

‘ಗೊತ್ತಿದ್ದು ಮಾಡಿದ್ರೆ ಬೈಬೋದಾಗಿತ್ತು.’ ಮಡಚಿದ ಬಟ್ಟೆಯ ಅಂಚು ಸವರಿ, ‘ಗೊತ್ತಿಲ್ಲದೆ ಮಾಡಿದ್ರೂ ಬೈಬೋದಲ್ವ? ನಂಗೊಂದೂ ತಿಳೀತಿಲ್ಲ ಕಣೋ ರಾಚ. ಮೊದಲು ಯಾರ ಮೇಲೆ ಕೋಪ ಮಾಡ್ಕೊಳ್ಲಿ ಹೇಳು’ ಅಂದಳು.

‘ನನ್ನ ಮೇಲೆ ಮಾಡ್ಕೊ.’

‘ನಿನ್ನ ಮೇಲಂತೂ ಇದ್ದೇ ಇದೆ. ನಾಲ್ಕು ದಿನ ಅಂತೀಯಲ್ಲ!’ ಎಂದು ಮಡಚಿದ ಬಟ್ಟೆಯನ್ನು ನನ್ನತ್ತ ಎಸೆದಳು. ಅದು ಗೋಡೆಗೆ ತಾಗಿತು, ನಾನು ಕೂತಿದ್ದ ಕಡೆ ಅವಳಿಗೆ ಕಂಡಿರಲಿಲ್ಲ. ಆಗ ನನಗೆ ಅಳು ಬಂತು.

ಹೋಲಿಕೆ ಪಟ್ಟಿಯನ್ನು ಮುಕ್ತಾಂಬ ಮೇಡಂ ಮೇಜಿನ ಮೇಲಿಟ್ಟೆ. ಎರಡು ಸಲ ಓದಿದರು, ದಫ್ತರವನ್ನು ನಿಧಾನವಾಗಿ ಮುಚ್ಚಿದರು. ‘ಇದನ್ನ ತಿದ್ದಿದ್ರೆ ಊರಿನೋರೆಲ್ಲ ಕುಂಡ ಹೊತ್ಕೊಂಡು ಬರ್ತಾರೆ ರಾಚಪ್ಪ. ಯಾರ ಕಾಲು ಎಲ್ಲಿ ನಿಲ್ಲುತ್ತೋ’ ಎಂದರು. ಆದರೂ ಪೆನ್ನು ತೆಗೆದು ಎರಡು ಹೆಸರುಗಳನ್ನೂ ತಿದ್ದಿದರು. ಆಮೇಲೆ ಎದ್ದು, ಕಿಟಕಿಯಲ್ಲಿದ್ದ ತಮ್ಮ ಕುಂಡವನ್ನು ನನ್ನಿಂದ ದೂರಕ್ಕೆ ಎತ್ತಿಟ್ಟರು. ನಾನು ಹೊರಡುವಾಗ ಕೇಳಿದರು: ‘ಮುಂದಿನ ಎಣಿಕೆಗೆ ಶಾಲು ನಿಮಗೇ ಹೊದೆಸಬೇಕಾಗುತ್ತಲ್ವಾ?’

ಮಾರನೆಯ ಬೆಳಿಗ್ಗೆ ಅಕ್ಕ ಚೀಲ ಹಿಡಿದು ಹೊರಟಳು. ಅಂಗಳದಲ್ಲಿ ಎರಡೂ ಕುಂಡಗಳ ಬಳಿ ಕೂತು ಗಿಡಗಳನ್ನು ಬಹಳ ಹೊತ್ತು ಸವರಿದಳು. ನಾನು ಕೈ ಹಿಡಿದು ಕಡೇ ಕಲ್ಲಿನವರೆಗೆ ಕರೆದುಕೊಂಡು ಹೋದೆ. ಬಸ್ಸು ಅದರಾಚೆ ನಿಲ್ಲುತ್ತದೆ. ಕಂಡಕ್ಟರು ಇಳಿದು ಬಂದು ಅವಳ ಇನ್ನೊಂದು ಕೈ ಹಿಡಿದ. ನಡುವೆ ಅವಳು ನಿಂತಳು.

‘ತಿರುಗಿಬಿಟ್ರೆ ನಗಬೇಡ’ ಅಂದಳು.

ನಾನು ಕೈ ಬಿಟ್ಟೆ. ಒಂದು ಹೆಜ್ಜೆ, ಹತ್ತು ಹೆಜ್ಜೆ. ಮೆಟ್ಟಿಲ ಬಳಿ ಕಂಡಕ್ಟರು ಎಂದಿನಂತೆ, ‘ಯಾವ ಹೂವಮ್ಮ?’ ಅಂದ. ಅಕ್ಕ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಬಸ್ಸು ತಿರುವು ದಾಟಿತು. ಅವಳು ಇಳಿದು ಬರುತ್ತಾಳೇನೋ ಎಂದು ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದೆ, ಬರಬಾರದೆಂದು ಬೇಡಿಕೊಳ್ಳುತ್ತಲೇ ಬರಲಿ ಎಂದು ಒಂದು ಕಡೆ ಆಸೆಯೂ ಆಗುತ್ತಿತ್ತು. ಮನೆಗೆ ಬಂದು ನೋಡಿದರೆ ನನ್ನ ಗಿಡದ ಒಣಗಿದ ಬೀಜದ ತೆನೆಗಳೆಲ್ಲ ಖಾಲಿಯಾಗಿದ್ದವು. ಗುಬ್ಬಚ್ಚಿ ತಿಂದಿರಬೇಕು ಅಂದುಕೊಂಡೆ.

ಒಂಬತ್ತು ದಿನಕ್ಕೆ ಬರಬೇಕಾದವಳು ಬರಲಿಲ್ಲ. ಕಣ್ಣು ಸರಿಹೋಯಿತಂತೆ, ಪಟ್ಟಿ ಬಿಚ್ಚಿದ ದಿನವೇ ಮುಂದಿನ ಬಸ್ಸು ಹತ್ತಿದರಂತೆ ಎಂದು ಕಂಡಕ್ಟರು ಹೇಳಿದ. ಎತ್ತ ಕಡೆಗೆ ಎಂದೆ. ಕೆಳಕ್ಕೆ ಎಂದ. ನಾನು ಅಕ್ಕನ ಯಂತ್ರದ ಧೂಳು ಒರೆಸಿದೆ. ಊರಿನವರು ನನಗೆ ನೀರು ಸೇದಲು ಬಿಡುತ್ತಿರಲಿಲ್ಲ, ಹಾಲಿನವಳು ಬಂದು ಸೇದಿಕೊಟ್ಟು ‘ನೀವು ಹುಷಾರಾಗಿರ್ಬೇಕು’ ಎನ್ನುತ್ತಿದ್ದಳು. ಆ ದನಿ ಕೇಳಿದರೆ ಮೈ ಉರಿಯುತ್ತಿತ್ತು. ಅಕ್ಕ ಇದನ್ನು ಐವತ್ತೊಂದು ವರ್ಷ ಹೇಗೆ ಸಹಿಸಿದಳು?

ನಲವತ್ತಮೂರನೆಯ ದಿನ ಸಂಜೆ ಕಡೇ ಕಲ್ಲಿನ ಮೇಲೆ ಕೂತಿದ್ದಾಗ ತಿರುವಿನಲ್ಲಿ ಒಬ್ಬ ಹೆಂಗಸು ನಡೆದು ಬರುತ್ತಿದ್ದಳು. ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಏಳುತ್ತಿದ್ದಳು. ಬೆನ್ನಿಗೆ ಏನೋ ಆಗಿರಬೇಕು ಪಾಪ ಅಂದುಕೊಂಡೆ. ಹತ್ತಿರ ಬಂದ ಮೇಲೆ ನೋಡಿದರೆ ಅಕ್ಕ. ಬಿಸಿಲಿಗೆ ಕರ್ರಗಾಗಿದ್ದಳು, ಚಪ್ಪಲಿ ಸವೆದಿತ್ತು. ಸೊಂಟದಲ್ಲಿ ಶಾಲಿನ ತುಂಡಿನಿಂದ ಹೊಲಿದ ಸಣ್ಣ ಚೀಲ. ನನ್ನ ಕಾಲಿನಿಂದ ಒಂದು ಗೇಣು ಆಚೆ ಕೂತು, ಬೆರಳಿನಿಂದ ಮಣ್ಣು ಕೆದಕಿ, ಚೀಲದಿಂದ ಸಾಸಿವೆಗಿಂತ ಸಣ್ಣದೊಂದನ್ನು ಚಿಟಿಕೆಯಲ್ಲಿ ತೆಗೆದು ಕಣ್ಣೆದುರು ಹಿಡಿದು ನೋಡಿ, ಹಾಕಿ ಮುಚ್ಚಿದಳು.

‘ಇದು ಕೊನೇದು. ಅಲ್ಲಿಂದ ಇಲ್ಲೀಗಂಟ ಸರಿಯಾಗಿ ಬಂತು’ ಅಂದಳು.

‘ಎಲ್ಲಿಂದ?’

‘ಸಮುದ್ರದಿಂದ.’

ಆಗ ಗೊತ್ತಾಯಿತು ಗುಬ್ಬಚ್ಚಿ ಯಾರೆಂದು. ಅಪ್ಪಣೆಯಿಲ್ಲದೆ ಅಳಿವಿನಂಚಿನ ಬೀಜ ಕದಲಿಸಿದ್ದಾಳೆ, ಮೊದಲು ಬರೆದುಕೊಳ್ಳಬೇಕಾದವನು ನಾನೇ. ಬಾಯಿಂದ ಬಂದದ್ದು ಬೇರೆ. ‘ಕಲ್ಲುಮಿಣುಕೆ ಮಣ್ಣಿನಲ್ಲಿ ಬೇರು ಬಿಟ್ಟದ್ದು ಯಾರೂ ಕಂಡಿಲ್ಲ ಅಕ್ಕ.’

‘ಯಾರು ಬಿತ್ತಿ ನೋಡಿದ್ರು?’ ಅಂದಳು. ನನ್ನ ಪಕ್ಕದಲ್ಲಿ ಕೂತು ಕಾಲು ಒತ್ತಿಕೊಂಡಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಎಷ್ಟೋ ದಿನದ ಮೇಲೆ ಅವಳ ಕಣ್ಣು ನನ್ನ ಕಣ್ಣಿಗೇ ನೆಟ್ಟಿತ್ತು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

‘ಅಲ್ಲಿ ಮೆಟ್ಟಿಲಿಲ್ಲ ಕಣೋ’ ಅಂದಳು.

ನಾನು ತಲೆ ತಗ್ಗಿಸಿದೆ.

‘ಶಾಂತವಾಗೂ ಇಲ್ಲ. ನಾನು ಬೇರೆ ಕಡೆ ಇಳಿದ್ನೇನೋ ಅಂತ ಮೂರು ದಿನ ದಡದುದ್ದಕ್ಕೂ ಮೆಟ್ಟಿಲು ಹುಡುಕಿದೆ. ಆಮೇಲೆ ಒಬ್ಬ ಬೆಸ್ತರ ಹೆಂಗಸು, ಸಮುದ್ರಕ್ಕೆ ಮೆಟ್ಟಿಲು ಯಾರು ಕಟ್ತಾರಮ್ಮ ಅಂತ ನಕ್ಕಳು.’

‘ಹೇಗಿತ್ತಕ್ಕ?’ ಎಂದೆ.

ಅವಳು ಖಾಲಿ ಚೀಲವನ್ನು ಕೊಡವಿ ನನ್ನ ಕೈಗಿಟ್ಟಳು. ‘ಹೋಗಿ ನೋಡ್ಕೊಂಡು ಬಾ. ಆಮೇಲೆ ನೀನೇ ಹೇಳು, ನಾನು ಕೇಳ್ತೀನಿ’ ಅಂದಳು.

ಇದೆಲ್ಲ ಆಗಿ ಆರು ತಿಂಗಳು. ಕಾಲು ಕೇಳುವುದು ಗಿಡದ ಮಾತನ್ನೋ, ದಫ್ತರದ ಮಾತನ್ನೋ, ಅಥವಾ ನಮಗೆ ಹೇಳಿದವರ ಮಾತನ್ನೋ ನನಗೆ ಈಗಲೂ ಗೊತ್ತಿಲ್ಲ. ಎಣಿಕೆಯ ದಿನ ನನಗೆ ಶಾಲು ಹೊದೆಸಿದರು, ಅಕ್ಕ ಅದನ್ನು ಮನೆಗೆ ತಂದ ಕೂಡಲೇ ಕತ್ತರಿಸಿದಳು. ಮೊನ್ನೆ ಮೊದಲ ಮಳೆ ಬಂತು. ಇವತ್ತು ಬೆಳಿಗ್ಗೆ ಕಡೇ ಕಲ್ಲಿನ ಬಳಿ ಹೋದಾಗ ಒಂದು ಗೇಣು ಆಚೆ, ಕೆಂಪು ಮಣ್ಣಿನಲ್ಲಿ, ಎದುರುಬದುರಾಗಿ ಎರಡು ಎಲೆ ಎದ್ದಿದ್ದವು. ಕಲ್ಲಿನದೋ ಹಾದಿಯದೋ ಹೂವು ಬಿಡುವವರೆಗೆ ಯಾರೂ ಹೇಳಲಾರರು, ನಾನಂತೂ ಹೇಳಲಾರೆ. ಭೂತಗನ್ನಡಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಎಲೆಗಳನ್ನು ತುಳಿಯದ ಹಾಗೆ ನೋಡಿಕೊಂಡು ಬಲಗಾಲನ್ನು ಎತ್ತಿ ಆಚೆಗಿಟ್ಟೆ.